ಬೆಳಕಿಗೆ ಬೆಳಕು ಇದಿರಾದಾಗ

ಅರಿವನ್ನು ಜ್ಯೋತಿಗೆ ಹೋಲಿಸುವುದು ಶಿವಶರಣರ ವಾಙ್ಮಯದಲ್ಲಿ ಸಾಮಾನ್ಯ. ಅರಿವು ಜ್ಯೋತಿಯೇ ಆದರೆ, ಅರಿವುಳ್ಳ ಇಬ್ಬರು ಇದಿರುಬದಿರಾಗಿ ನಿಂತಾಗ ನಡುವೆ ಕತ್ತಲೆಯುಂಟಾಗುವುದೇಕೆ? ಒಂದೇ ಗುರುವಿನ ಕರಕಮಲಸಂಜಾತರೊಳಗೆ ಮಾತು ಮುರಿದುದನ್ನು ಕಂಡ ಭಕ್ತರ ಮನದಲ್ಲೇಳುವ ಶಂಕೆಯಿದು. ಸಜ್ಜನರೊಳಗೆ ವಿರೋಧವೇ ಇರದೆಂದು ಹೇಳಿ ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅದು ಸಮಾಧಾನವಲ್ಲ. ಬೆಳಕಿನ ಸ್ವಭಾವವನ್ನೇ ವಿಚಾರಿಸಿ ನೋಡಬೇಕು.

ಗದ್ದುಗೆಯ ಎರಡು ಪಕ್ಕಗಳಲ್ಲಿ ಎರಡು ನಂದಾದೀಪಗಳು ಉರಿಯುತ್ತವೆ. ಒಂದರ ಕಿರಣ ಇನ್ನೊಂದರ ಕಿರಣವನ್ನು ಹಾಯ್ದು ಹೋಗುತ್ತದೆ. ಯಾವುದೂ ಬಾಗದು, ಯಾವುದೂ ಕುಂದದು. ಇದಿರಿನಿಂದ ಬರುವ ಕಿರಣಗಳು ಒಂದನ್ನೊಂದು ತಡೆಯವೆಂಬುದನ್ನು ಡಚ್ ಪಂಡಿತ ಹೈಗೆನ್ಸನು 1690ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎತ್ತಿಹೇಳಿ, ಬೆಳಕೆಂಬುದು ಅಲೆಯ ನಡೆಯೆಂದು ವಾದಿಸಿದನು.

ಎರಡು ಬೆಳಕುಗಳೂ ಒಂದೇ ಮೂಲದವಾದರೆ ಸಂಗತಿ ಬೇರೆ. 1890ರಲ್ಲಿ ಜರ್ಮನಿಯ ಓಟೋ ವೀನರನು ಕನ್ನಡಿಯ ಮೇಲೆ ಬೆಳಕನ್ನು ನೇರವಾಗಿ ಬೀಳಿಸಿ, ಹೋಗುವ ಬೆಳಕಿಗೆ ಮರಳುವ ಬೆಳಕನ್ನೇ ಇದಿರುಮಾಡಿದನು. ನಡುವೆ ಛಾಯಾಗ್ರಹಣದ ಅತಿ ತೆಳುವಾದ ಪೊರೆಯೊಂದನ್ನು ತುಸು ಓರೆಯಾಗಿ ಇರಿಸಿದನು. ಪೊರೆಯು ಒಂದೇ ಸಮನಾಗಿ ಕಪ್ಪಾಗಲಿಲ್ಲ. ಬೆಳಕು ತಾಗಿದ ಪಟ್ಟೆ, ತಾಗದ ಪಟ್ಟೆ, ಹೀಗೆ ಸಾಲುಸಾಲಾಗಿ ಮೂಡಿದವು. ಉಬ್ಬಿಗೆ ಉಬ್ಬು ಕೂಡಿದಲ್ಲಿ ಪ್ರಕಾಶ. ಉಬ್ಬಿಗೆ ತಗ್ಗು ಕೂಡಿದಲ್ಲಿ ಅಂಧಕಾರ. ಹಸುರು ಬೆಳಕಾದರೆ ಒಂದು ಕತ್ತಲೆಗೂ ಮುಂದಿನದಕ್ಕೂ ಇರುವ ಅಂತರ ಮಿಲಿಮೀಟರಿನ ಸುಮಾರು 4000ದಲ್ಲೊಂದು ಪಾಲು. ಮೊದಲನೆಯ ಕತ್ತಲೆಯಂತೂ ಬೆಳಕು ಹಿಂದಿರುಗುವ ಕನ್ನಡಿಯ ಮೈಯಲ್ಲಿಯೇ!

ಹಾಗೆಂದು ಬೆಳಕು ನಾಶವಾಯಿತೆಂದು ತಿಳಿಯಬಾರದು. ಎರಡೂ ಸಮಬಲವಾಗಿದ್ದರೆ, ಚೆನ್ನಾಗಿ ಕೂಡಿದೆಡೆಯಲ್ಲಿ ಒಂದರ ಎರಡು ಮಡಿಯಲ್ಲ, ನಾಲ್ಕು ಮಡಿ ಪ್ರಕಾಶ. ಕತ್ತಲೆಯಲ್ಲಿ ಕಾಣದೆಹೋದುದೆಲ್ಲ ಅಲ್ಲಿಯೇ ಇದೆ. ಬೇರೆಬೇರೆ ದೀಪಗಳಲ್ಲಿ ಈ ಚಮತ್ಕಾರ ತೋರದು. ಅವುಗಳ ಅಲೆಗಳ ಹೊಂದಿಕೆ ಕ್ಷಣಕ್ಷಣಕ್ಕೂ ಮಾರ್ಪಡುವುದರಿಂದ ಪಟ್ಟೆಗಳು ನಿಲ್ಲುವುದಿಲ್ಲ. ಅಂತೆಯೇ ಪರಕೀಯರ ಮಾತು ಹಾಯ್ದುಹೋಗುತ್ತದೆ. ಒಡಹುಟ್ಟಿದವರ ಮಾತು ಗೆರೆಯೆಳೆದು ನಿಲ್ಲುತ್ತದೆ. ನಾಲ್ಕು ಮಡಿ ಬೆಳಗುವ ಶಕ್ತಿಯೂ ಆ ಹುಟ್ಟಿನಲ್ಲಿಯೇ ಉಂಟು. ಜಗಳ ಕಂಡು ಹೌಹಾರುವವರು ಇದನ್ನು ಮರೆಯುತ್ತಾರೆ.

ಶೂನ್ಯಸಂಪಾದನೆಯಲ್ಲಿ ಇದಕ್ಕೊಂದು ನಿದರ್ಶನವಿದೆ. ಪ್ರಭುದೇವರು ಸಿದ್ಧರಾಮರೊಡನೆ ಕಲ್ಯಾಣದ ಮಹಾಮನೆಯ ಬಾಗಿಲಿಗೆ ಬಂದಾಗ ಬಸವಣ್ಣನವರು ಲಿಂಗಪೂಜೆಯಲ್ಲಿ ತಲ್ಲೀನರಾಗಿದ್ದರು. ಕರೆತರಲು ಹಡಪದ ಅಪ್ಪಣ್ಣನವರನ್ನು ಕಳುಹಿದರು. ಪ್ರಭುದೇವರು ಒಳಗೆ ಬರಲಿಲ್ಲ. ಒಳಗಿನ ಪೂಜೆಯೂ ಬೆಳಕೇ, ಹೊರಗೆ ನಿಂತ ಜಂಗಮವೂ ಬೆಳಕೇ. ಹೊಸ್ತಿಲ ಮೇಲೆ ಮಾತ್ರ ಕತ್ತಲೆ. ಆಗ ಚೆನ್ನಬಸವಣ್ಣನವರು, ವಯಸ್ಸಿನಲ್ಲಿ ಕಿರಿಯರು, ಸಂಬಂಧದಲ್ಲಿ ಸೋದರಳಿಯ, ಮಾವನಿಗೇ ಇದಿರಾಡಿ ಆಕ್ಷೇಪಿಸಿದರು. ಬಸವಣ್ಣನವರು ಹಿರಿತನವನ್ನು ಮುಂದೊಡ್ಡದೆ ಎದ್ದು ಬಾಗಿಲಿಗೆ ಬಂದರು.