ಕಂಬ ಒಡೆಯದ ಕಥೆ

2006ರ ಏಪ್ರಿಲ್ 30ರಂದು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ನಡೆದ ಒಂದು ಜೋಡಿ ಕುಸ್ತಿಯ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿದ್ದವು. ಒಂದು ಕಡೆ ಡಬ್ಲ್ಯೂಡಬ್ಲ್ಯೂಇ ಕಂಪನಿಯ ಆಗಿನ ಯಜಮಾನ ವಿನ್ಸ್ ಮೆಕ್‌ಮಹನ್ ಮತ್ತು ಅವನ ಮಗ ಶೇನ್. ಇನ್ನೊಂದು ಕಡೆ ಶಾನ್ ಮೈಕಲ್ಸ್ ಎಂಬ ಹೆಸರಾಂತ ಮಲ್ಲ ಮತ್ತು ದೇವರು. ಹೌದು, ದೇವರೇ. ಪ್ರಚಾರವೂ ಹಾಗೆಯೇ ನಡೆದಿತ್ತು. ಸರದಿ ಬಂದಾಗ ಸಂಗೀತ ಮೊಳಗಿ, ವೇದಿಕೆಯ ಮೇಲೆ ಒಂದು ಬೆಳಕು ಬಿತ್ತು. ದೇವರು ಬಂದನೆಂದು ಎಲ್ಲರೂ ತಿಳಿದುಕೊಳ್ಳಬೇಕಿತ್ತು.

ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದ ಚಹಾದಂಗಡಿಯೊಂದರ ಮುಂದೆ ಪಾಳಿ ಬಿಟ್ಟು ಬಂದ ಹುಡುಗರು ಮೊಬೈಲಿನಲ್ಲಿ ಈ ಹಳೆಯ ತುಣುಕನ್ನು ನೋಡುತ್ತಿದ್ದರು. ಪಕ್ಕದಲ್ಲಿ ನಿಂತವನಿಗೆ ಇಣುಕದೆ ಇರಲಾಗಲಿಲ್ಲ.

“ದೇವ್ರು ಎಲ್ಲದಾನಲೇ ಇದ್ರಾಗ?”

“ಆ ಲೈಟ್ ಬಿದ್ದೈತಲ್ಲ, ಅದ ದೇವ್ರು.”

“ಮತ್ತ, ಸೋತ್ನೇನು?”

“ಅಂವ ಎಲ್ಲಿ ಸೋತ? ಅವನ ಜೋಡಿದಾಂವ ಸೋತ.”

ಅಷ್ಟು ಹೇಳಿ ಅವರು ಚಿಗರಿ ಬಸ್ಸು ಹಿಡಿಯಲು ಓಡಿದರು. ನಂಬಿದವನು ನೆಲಕ್ಕೆ ಬಿದ್ದಾಗ ನಂಬಿಸಿಕೊಂಡವನು ಸೋತಂತೆಯೋ ಅಲ್ಲವೋ ಎಂಬುದರ ಬಗ್ಗೆ ಪಂಡಿತರು ಶತಮಾನಗಟ್ಟಲೆ ತಿಕ್ಕಾಡಿದ್ದಾರೆ; ಇವರಿಗೆ ಅರ್ಧ ಕಪ್ಪು ಚಹಾ ಸಾಕಾಯಿತು.

ಈ ಬಗೆಯ ಕುಸ್ತಿಯಲ್ಲಿ ಗೆಲ್ಲುವವರು ಯಾರೆಂದು ಮೊದಲೇ ಗೊತ್ತುಮಾಡಿರುತ್ತಾರೆ. 1989ರಲ್ಲಿ ನ್ಯೂಜೆರ್ಸಿ ಸರ್ಕಾರದ ಕ್ರೀಡಾ ನಿಯಮಗಳಿಂದ ಪಾರಾಗಲು ಆ ಕಂಪನಿಯೇ ಇದು ಮನರಂಜನೆ ಎಂದು ಒಪ್ಪಿಕೊಂಡಿತ್ತು. ಹಾಗಾಗಿ ಇದನ್ನು ಮೋಸ ಎನ್ನುವುದಕ್ಕಿಂತ ಆಟ ಎನ್ನುವುದೇ ಸರಿ. ದೊಡ್ಡಾಟ, ಸಣ್ಣಾಟಗಳನ್ನು ಬೆಳಗಿನ ಜಾವದವರೆಗೆ ಕೂತು ನೋಡಿದ ಸೀಮೆಯವರಾದ ನಾವು ಅದಕ್ಕೆ ಮೂಗು ಮುರಿಯಬೇಕಾಗಿಲ್ಲ. ಈ ಆಟದ ಕಥೆಯೂ ನಮಗೆ ಅಪರಿಚಿತವಲ್ಲ. ಶಾನ್ ಮೈಕಲ್ಸ್ 1998ರಲ್ಲಿ ಬೆನ್ನಿನ ಪೆಟ್ಟಿನಿಂದ ಕಣ ಬಿಟ್ಟು, ನಾಲ್ಕು ವರ್ಷ ದೂರವಿದ್ದು, ಆ ನಡುವೆ ಕ್ರೈಸ್ತ ಶ್ರದ್ಧೆಗೆ ಮನಸ್ಸು ಕೊಟ್ಟು, 2002ರಲ್ಲಿ ಮರಳಿ ಬಂದವನು. ಅವನ ಶ್ರದ್ಧೆ ನಿಜವಾದದ್ದು. ಕಂಪನಿ ಅದನ್ನೇ ಕಥೆಗೆ ಎಳೆದುಕೊಂಡಿತು. ಯಜಮಾನನ ಪಾತ್ರ ತನ್ನದೇ ಹೆಸರಿನಲ್ಲಿ ಒಂದು ಮತ ಹುಟ್ಟುಹಾಕುತ್ತದೆ, ಪ್ರಾರ್ಥನಾಮಂದಿರಕ್ಕೆ ಹೋಗಿ ದೇವರನ್ನು ಹಂಗಿಸುತ್ತದೆ, ಕಡೆಗೆ ಕಣಕ್ಕೆ ಬಾ ಎಂದು ಕರೆಯುತ್ತದೆ. ನಮ್ಮ ಕಡೆಯ ಯಾವ ಮಗುವನ್ನು ಕೇಳಿದರೂ ಇದು ಹಿರಣ್ಯಕಶಿಪುವಿನ ಕಥೆ ಎಂದು ಹೇಳೀತು. ಮೈಕಲ್ಸ್ ಪ್ರಹ್ಲಾದ, ವೇದಿಕೆಯ ಮೇಲೆ ಬಿದ್ದ ಆ ಬೆಳಕು ಕಂಬ.

ದೇವರನ್ನು ಆಟಕ್ಕೆ ತರಬಾರದು, ತಂದರೆ ಅಪಚಾರ ಎಂದು ಥಟ್ಟನೆ ತೀರ್ಪು ಕೊಡುವವರು ನಮ್ಮಲ್ಲೂ ಇದ್ದಾರೆ, ಎಲ್ಲ ಮತಗಳಲ್ಲೂ ಇದ್ದಾರೆ. ಅವರಿಗೆ ತಮ್ಮ ಊರಿನ ಆಟವೇ ಮರೆತುಹೋಗಿದೆ ಎನಿಸುತ್ತದೆ. ಹಿರಣ್ಯಕಶಿಪುವಿನ ಪಾತ್ರಧಾರಿ ಹರಿಯನ್ನು ಎಷ್ಟು ಹಳಿದರೆ ಆಟ ಅಷ್ಟು ಏರುತ್ತದೆ. ಆಟ ನಡೆಸುವ ಸಾರಥಿ ದೊಡ್ಡ ದೊಡ್ಡ ದೇವತೆಗಳನ್ನೇ ಗೇಲಿ ಮಾಡುತ್ತಾನೆ, ಮುಂದಿನ ಸಾಲಿನ ಮುದುಕರು ಬಾಯ್ತುಂಬ ನಗುತ್ತಾರೆ. ದಾಸರು ನಿಂದಾಸ್ತುತಿಯಲ್ಲಿ ವಿಠಲನನ್ನು ಬೈದಷ್ಟು ಸಲೀಸಾಗಿ ಮೆಕ್‌ಮಹನ್‌ನಿಂದಲೂ ಬೈಯಲಾಗಿಲ್ಲ. ಬೈಗುಳಕ್ಕೆ ನಮ್ಮ ದೇವರುಗಳು ಒಗ್ಗಿಹೋಗಿದ್ದಾರೆ. ಹಾಗಾದರೆ ಲೆಕ್ಸಿಂಗ್ಟನ್‌ನ ಆಟದಲ್ಲಿ ಮನಸ್ಸಿಗೆ ಒಗ್ಗದೆ ಹೋದದ್ದು ಏನು?

ಕಂಬ ಒಡೆಯಲಿಲ್ಲ, ಅಷ್ಟೇ. ಒಡೆಯುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬೆಳಕು ಎಲ್ಲಿ ಬೀಳಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದು ದೀಪದ ಕೆಲಸದವನ ಕೈಯಲ್ಲಿತ್ತು. ತಂಜಾವೂರು ಸೀಮೆಯ ಮೇಲತ್ತೂರಿನಲ್ಲಿ ಭಾಗವತ ಮೇಳದವರು ಪ್ರಹ್ಲಾದ ಚರಿತ್ರೆಯನ್ನು ಆಡುವಾಗ ನರಸಿಂಹನ ಮುಖವಾಡಕ್ಕೆ ಪೂಜೆ ಮಾಡುತ್ತಾರೆ, ಅದನ್ನು ತೊಡುವವನು ಉಪವಾಸವಿರುತ್ತಾನೆ. ಅಲ್ಲಿಯೂ ಕಥೆ ಮೊದಲೇ ಗೊತ್ತು, ಗೆಲ್ಲುವವನೂ ಗೊತ್ತು. ಆದರೂ ಎಲ್ಲೋ ಒಂದು ಅಳುಕು ಉಳಿದಿರುತ್ತದೆ: ಬರೆದಿಟ್ಟದ್ದನ್ನು ಮೀರಿ ಅವನು ನಿಜಕ್ಕೂ ಬಂದುಬಿಟ್ಟರೆ? ಪಾತ್ರ ಮಾಡುವವನಿಗಿಂತ ಪಾತ್ರ ದೊಡ್ಡದು ಎಂಬ ಆ ಅಳುಕೇ ಆಟಕ್ಕೆ ಜೀವ ಎಂದು ನನಗೆ ತೋರುತ್ತದೆ. ಭಕ್ತಿ ಇರಬೇಕೆಂದೇನಿಲ್ಲ, ಗಾಂಭೀರ್ಯವೂ ಬೇಕಿಲ್ಲ, ಅಳುಕು ಇದ್ದರೆ ಸಾಕು. ಅದಿಲ್ಲದಾಗ ದೇವರು ಕಂಪನಿಯ ಉಗ್ರಾಣದಲ್ಲಿರುವ ಒಂದು ಉಡುಪಾಗುತ್ತಾನೆ.

ಉಡುಪೆಂದಾಗ ಮೈಕ್ ಶಾ ಎಂಬ ಅಮೆರಿಕದ ಮಲ್ಲ ನೆನಪಾಗುತ್ತಾನೆ. ಎಂಬತ್ತರ ದಶಕದಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಅವನು ಮಖನ್ ಸಿಂಗ್ ಎಂಬ ಹೆಸರಿನಿಂದ ಕುಸ್ತಿ ಆಡಿದ. ಅವನ ತಂಡದ ಹೆಸರಿನಲ್ಲಿ ಕರಾಚಿ! ಸಿಂಗ್ ಯಾರು, ಕರಾಚಿ ಎಲ್ಲಿ ಎಂದು ಕೇಳುವವರು ಅಲ್ಲಿ ಯಾರೂ ಇದ್ದಂತಿಲ್ಲ. 1993ರಲ್ಲಿ ಅದೇ ದೇಹಕ್ಕೆ ಕ್ರೈಸ್ತ ಸನ್ಯಾಸಿಯ ನಿಲುವಂಗಿ ತೊಡಿಸಿ ಫ್ರಯರ್ ಫರ್ಗ್ಯುಸನ್ ಎಂದು ಕರೆದರು. ಕ್ಯಾಥೊಲಿಕರು ಆಕ್ಷೇಪಿಸಿದ್ದರಿಂದ ಅದನ್ನೂ ಕಳಚಿ, ಅಸಹ್ಯ ಹುಟ್ಟಿಸುವ ಹೊಟ್ಟೆಬಾಕನೊಬ್ಬನ ಪಾತ್ರ ಕೊಟ್ಟರು. ಸಿಖ್, ಸನ್ಯಾಸಿ, ಹೊಟ್ಟೆಬಾಕ. ಕಂಪನಿಗಳ ಲೆಕ್ಕದಲ್ಲಿ ಮೂರೂ ಒಂದೇ ತೂಕ. ಒಂದು ಮತದ ಕಥೆಗೆ ಇನ್ನೊಂದರ ಬಟ್ಟೆ ತೊಡಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಧಾರವಾಡಕ್ಕೆ ಬಾಸೆಲ್ ಮಿಶನ್ನಿನವರು 1837ರಲ್ಲೇ ಬಂದರು. ಮುಂದೆ ಇಲ್ಲಿ ಬಾಳಿದ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದು ಯೇಸುವಿನ ಬದುಕನ್ನು ನಮ್ಮ ಛಂದಸ್ಸಿನಲ್ಲಿ ಹಾಡುವಂತೆ ಮಾಡಿದ. ಅದೂ ವೇಷವೇ. ಆದರೆ ಆ ವೇಷ ಕಟ್ಟುವುದಕ್ಕೆ ಕಿಟೆಲ್ ತಾನೇ ವಿದ್ಯಾರ್ಥಿಯಾಗಿ ಕೂರಬೇಕಾಯಿತು.

ದೇವರ ಅವಮಾನಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ಜೇಕ್ ರಾಬರ್ಟ್ಸ್‌ನ ಪಾಡು. ಕುಡಿತದ ಕೈಗೆ ಸಿಕ್ಕು ನಲುಗಿದ್ದ ಈ ಮಲ್ಲ 1996ರಲ್ಲಿ ಬೈಬಲಿನ ಮಾತು ಹೇಳುವ ಪಾತ್ರದಲ್ಲಿ ಕಣಕ್ಕೆ ಮರಳಿದ. ಪಾತ್ರಕ್ಕೂ ಬದುಕಿಗೂ ನಡುವೆ ಹೆಚ್ಚು ಅಂತರವಿರಲಿಲ್ಲ. ಆ ಜೂನ್ 23ರಂದು ಸ್ಟೀವ್ ಆಸ್ಟಿನ್ ಅವನನ್ನು ಸೋಲಿಸಿ, ದೇವರು ಲೋಕವನ್ನು ಪ್ರೀತಿಸಿ ತನ್ನ ಮಗನನ್ನೇ ಕೊಟ್ಟನೆಂದು ಸಾರುವ ಯೋಹಾನನ ಸುವಾರ್ತೆಯ 3ನೇ ಅಧ್ಯಾಯದ 16ನೇ ವಚನದ ಜಾಗದಲ್ಲಿ ತನ್ನ ಹೆಸರು ಸೇರಿಸಿ ಒಂದು ಬೆದರಿಕೆಯ ಮಾತಾಡಿದ. ಪ್ರೀತಿಯ ವಚನದ ಅಂಕಿ ಒದೆಯುವವನ ಅಂಕಿಯಾಯಿತು. ಅದನ್ನು ಅಚ್ಚು ಹಾಕಿದ ಕರಿ ಟೀ ಶರ್ಟು ಲೋಕವನ್ನೆಲ್ಲ ಸುತ್ತಿತು. ಹುಬ್ಬಳ್ಳಿಯ ರಸ್ತೆಬದಿಯ ರಾಶಿಗಳಲ್ಲೂ ಅದರ ನಕಲು ಕಂಡರೆ ಆಶ್ಚರ್ಯವಿಲ್ಲ. ಆಸ್ಟಿನ್‌ನ ಮಾತಿನಲ್ಲಿ ಒಂದು ವರಸೆ ಇತ್ತು, ಅದನ್ನು ಒಪ್ಪಲೇಬೇಕು. ಆದರೆ ಎರಡು ತಿಂಗಳಲ್ಲಿ, ಆಗಸ್ಟಿನ ಪಂದ್ಯವೊಂದರಲ್ಲಿ, ಇನ್ನೊಬ್ಬ ಮಲ್ಲ ಸೋತು ಬಿದ್ದ ರಾಬರ್ಟ್ಸ್‌ನ ಬಾಯಿಗೆ ವಿಸ್ಕಿ ಸುರಿಯುವ ದೃಶ್ಯ ಬಂತು. ಅದೂ ಬರೆದಿಟ್ಟ ಕಥೆಯೇ.

ಇದನ್ನು ನಾವು ನೋಡಿಲ್ಲವೇ? ದೇವರ ಮುಂದೆ ಆಣೆ ಮಾಡಿ, ಕೊರಳಿಗೆ ಮಾಲೆ ಹಾಕಿಕೊಂಡು ಕುಡಿತ ಬಿಟ್ಟವನೊಬ್ಬ ಸಂಜೆ ಕಟ್ಟೆಗೆ ಬಂದು ಕೂತರೆ ಹಳೆಯ ಗೆಳೆಯರು ಬಿಡುತ್ತಾರೆಯೇ? “ಎಷ್ಟ ದಿನ ತಡೀತಾನ ನೋಡೂಣು ನಿಮ್ಮ ದೇವ್ರು” ಎನ್ನುತ್ತಾರೆ. ಮಾತು ದೇವರ ಮೇಲೆ ಹೊರಟರೂ ಹೋಗಿ ತಾಕುವುದು, ಆ ಹೆಸರೊಂದನ್ನೇ ಗಟ್ಟಿಯಾಗಿ ಹಿಡಿದು ನಾಲ್ಕು ಹೆಜ್ಜೆ ನೆಟ್ಟಗೆ ನಡೆಯಲು ನೋಡುತ್ತಿರುವವನಿಗೆ. ದೇವರಿಗೆ ಅದರಿಂದ ಆಗುವುದೇನೂ ಇಲ್ಲ. ಶ್ರದ್ಧೆಯನ್ನು ನಗೆಗೆ ಗುರಿಮಾಡುವವರು ಬಹಳ ಸಲ ಶ್ರದ್ಧೆಯಲ್ಲದ ಇನ್ನೇನನ್ನೋ ಗುರಿಮಾಡಿರುತ್ತಾರೆ. ಒಬ್ಬನು ಬದಲಾಗಲು ಹೊರಟದ್ದು ಅವರಿಗೆ ಸಹಿಸಲಾಗದು.

ಇನ್ನು ದೇವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ವಿಷಯದಲ್ಲಿ ನಾವೇನು ಹಿಂದೆ ಬಿದ್ದವರಲ್ಲ. ಯಾವ ಊರಿನ ಉದ್ದನೆಯ ಕಂಪೌಂಡು ಗೋಡೆಯನ್ನಾದರೂ ನೋಡಿ, ಮೊಣಕಾಲೆತ್ತರದಲ್ಲಿ ಸಾಲಾಗಿ ಟೈಲ್ಸು ಅಂಟಿಸಿರುತ್ತಾರೆ: ಗಣಪತಿ, ಸಾಯಿಬಾಬಾ, ಮೆಕ್ಕಾ, ಶಿಲುಬೆ. ಮೂತ್ರ ಮಾಡಬಾರದೆಂದು ಬರೆಸಿದರೆ ಯಾರೂ ಓದುವುದಿಲ್ಲ, ದೇವರನ್ನು ಅಂಟಿಸಿದರೆ ಗೋಡೆ ಉಳಿಯುತ್ತದೆ. ಸಂಬಳವಿಲ್ಲದ ಕಾವಲುಗಾರರು, ಅದೂ ಸರ್ವಧರ್ಮದವರು. ನಗು ಬರುತ್ತದೆ. ಆದರೆ ಇಲ್ಲೊಂದು ವಿಚಿತ್ರವಿದೆ. ಟೈಲ್ಸು ತಂದು ಅಂಟಿಸಿದ ಮಾಲೀಕ ದೇವರನ್ನು ಸಾಮಗ್ರಿಯಾಗಿ ಕಂಡ. ಅವಸರದಲ್ಲಿ ಬಂದು, ಶಿಲುಬೆಯನ್ನು ಕಂಡು, ತನ್ನ ಮತದ್ದಲ್ಲದಿದ್ದರೂ ತಡೆದುಕೊಂಡು ಮುಂದೆ ಹೋದನಲ್ಲ, ಆ ದಾರಿಹೋಕನಲ್ಲಿ ಅಳುಕು ಉಳಿದಿದೆ. ಇಬ್ಬರಲ್ಲಿ ಯಾರನ್ನು ಆಸ್ತಿಕನೆನ್ನೋಣ?

ನಮ್ಮ ಕಡೆಯ ಗರಡಿಯಲ್ಲಿ ಹನುಮಪ್ಪ ಗೋಡೆಯ ಮೇಲಿರುತ್ತಾನೆ, ಕೆಳಗೆ ಎಣ್ಣೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಮುಸಲ್ಮಾನ ಪೈಲ್ವಾನನೂ ಆ ಮಣ್ಣು ಮುಟ್ಟಿ ಹಣೆಗೊತ್ತಿಕೊಂಡೇ ಇಳಿಯುತ್ತಾನೆ, ವಸ್ತಾದನ ಕಾಲು ಮುಟ್ಟುತ್ತಾನೆ. ಹನುಮಪ್ಪ ಇಲ್ಲಿ ಯಾರ ಜೋಡಿಯೂ ಅಲ್ಲ, ಯಾರ ಎದುರಾಳಿಯೂ ಅಲ್ಲ. ಸೋತವನಿಗೂ ಅವನೇ, ಗೆದ್ದವನಿಗೂ ಅವನೇ. ಇಷ್ಟರಿಂದ ನಮ್ಮದು ಪವಿತ್ರ, ಅವರದು ಬಜಾರು ಎಂದು ಹೇಳಿ ಎದ್ದುಬಿಡಬಹುದಿತ್ತು, ದಾರಾ ಸಿಂಗ್ ಅಡ್ಡ ಬರದಿದ್ದರೆ. 1954ರಲ್ಲಿ ರುಸ್ತುಂ-ಎ-ಹಿಂದ್ ಆದ ದಾರಾ ಸಿಂಗ್, ಕಿಂಗ್ ಕಾಂಗ್‌ನಂಥ ಭಾರಿ ಆಸಾಮಿಗಳ ಜೊತೆ ಟಿಕೆಟ್ಟಿಗೆ ಜನ ಮುಗಿಬೀಳುವ ಪಂದ್ಯಗಳನ್ನು ಆಡಿದವರು. ಅವೂ ಅಮೆರಿಕದ ಈ ಕುಸ್ತಿಯ ಬಂಧುಗಳೇ. ಅದೇ ದಾರಾ ಸಿಂಗ್ 1987ರಲ್ಲಿ ದೂರದರ್ಶನದ ರಾಮಾಯಣದಲ್ಲಿ ಹನುಮಂತನಾದಾಗ ಜನ ಟೀವಿಗೇ ಕೈಮುಗಿದರು. ಬಜಾರಿನ ದೇಹವೇ ಭಕ್ತಿಯ ದೇಹವೂ ಆಯಿತು. ಹಣದ ಸೋಂಕು ತಗುಲಿದ ಕೂಡಲೇ ಎಲ್ಲ ಕೆಟ್ಟಿತೆನ್ನುವುದು ಅವಸರದ ಮಾತು.

ಅಳುಕು ಅಮೆರಿಕದ ಕಣದಲ್ಲಿ ಎಂದೂ ಇರಲಿಲ್ಲವೆನ್ನುವುದೂ ಸುಳ್ಳಾದೀತು. 1996ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯದ ಇಸಿಡಬ್ಲ್ಯೂ ಎಂಬ ಸಣ್ಣ ಕಂಪನಿಯ ಪಂದ್ಯದಲ್ಲಿ ರೇವನ್ ಎಂಬವನ ಗುಂಪು ಸ್ಯಾಂಡ್‌ಮನ್ ಎಂಬ ಮಲ್ಲನನ್ನು ಶಿಲುಬೆಗೆ ಕಟ್ಟಿ, ತಲೆಗೆ ಮುಳ್ಳುತಂತಿಯ ಕಿರೀಟವಿಟ್ಟು ನಿಲ್ಲಿಸಿತು. ಅಲ್ಲಿಯ ಪ್ರೇಕ್ಷಕರು ಸಾಧಾರಣದವರಲ್ಲ. ಮೇಜು ಮುರಿದರೆ, ರಕ್ತ ಹರಿದರೆ ಇನ್ನೂ ಬೇಕೆಂದು ಕೂಗುವವರು. ಅಂದು ಅವರ ಗಂಟಲೂ ಕಟ್ಟಿತು. ಆ ವರ್ಷವಷ್ಟೇ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಕರ್ಟ್ ಆ್ಯಂಗಲ್ ಅತಿಥಿಯಾಗಿ ಬಂದಿದ್ದವನು, ಇದರ ಜೊತೆ ತನ್ನ ಮುಖ ಕಾಣಕೂಡದೆಂದು ಸಿಟ್ಟಿನಿಂದ ಹೊರನಡೆದ. ರೇವನ್ ಮತ್ತೆ ಕಣಕ್ಕೆ ಬಂದು ಕ್ಷಮೆ ಕೇಳಬೇಕಾಯಿತು. ಮನಸ್ಸಿಲ್ಲದೆ ಕೇಳಿದನೆಂಬುದು ಬೇರೆ ಮಾತು. ಮಂಡಳಿಯಿಲ್ಲ, ಮೊಕದ್ದಮೆಯಿಲ್ಲ, ಮೆರವಣಿಗೆಯಿಲ್ಲ. ಆಟ ನೋಡಲು ಬಂದವರೇ ಸಾಕಾದರು. ಮೂರು ವರ್ಷ ಕಳೆದ ಮೇಲೆ ಆ್ಯಂಗಲ್ ತಾನೂ ಇಂಥದೇ ಕುಸ್ತಿಯ ತಾರೆಯಾದ ಎನ್ನುವುದನ್ನು ಸೇರಿಸದಿದ್ದರೆ ಕಥೆ ಅನ್ಯಾಯವಾಗಿ ಚೆಂದವಾಗಿಬಿಡುತ್ತದೆ.

ಮೆಕ್ಸಿಕೋದ ಪಾದ್ರಿ ಸೆರ್ಜಿಯೊ ಗುಟಿಯೆರೆಸ್ ಬೆನಿಟೆಸ್ ಅವರ ಕಥೆಯೊಂದೇ ನನ್ನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅನಾಥ ಮಕ್ಕಳನ್ನು ಸಾಕಲು ಹಣವಿಲ್ಲದೆ ಅವರು ಮುಖವಾಡ ತೊಟ್ಟು, ಫ್ರಾಯ್ ಟೊರ್ಮೆಂಟಾ ಎಂಬ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕುಸ್ತಿ ಆಡಿದರು. ಆ ಕಣದ ಹೆಸರಿಗೆ ಬಿರುಗಾಳಿ ಸನ್ಯಾಸಿ ಎಂದು ಅರ್ಥ. ಅದನ್ನೂ ಜನ ಒಂದು ಪಾತ್ರವೆಂದೇ ತಿಳಿದರು, ಒಳಗೆ ನಿಜವಾದ ಪಾದ್ರಿ ಇದ್ದಾರೆಂದು ಮೊದಮೊದಲು ಯಾರೂ ಊಹಿಸಲಿಲ್ಲ. ಉಳಿದವರೆಲ್ಲ ಇಲ್ಲದ ಸನ್ಯಾಸವನ್ನು ತೊಟ್ಟು ಮೆರೆಯುತ್ತಿದ್ದಾಗ ಇವರು ಇದ್ದ ಸನ್ಯಾಸವನ್ನು ವೇಷದೊಳಗೆ ಬಚ್ಚಿಟ್ಟರು. ಸಹಮಲ್ಲನೊಬ್ಬ ಗುರುತು ಹಿಡಿದು ಗುಟ್ಟು ಹೊರಬಿದ್ದ ಮೇಲೆ ಚರ್ಚಿನ ಹಿರಿಯರಿಗೆ ಇರುಸುಮುರುಸಾಯಿತು. ಇವರು ಕುಸ್ತಿ ಬಿಡಲಿಲ್ಲ, ಪಾದ್ರಿತನವನ್ನೂ ಬಿಡಲಿಲ್ಲ. ಮುಂದೆ ಅದೇ ಮುಖವಾಡ ತೊಟ್ಟು ಬಲಿಪೂಜೆ ನಡೆಸಿದ್ದೂ ಉಂಟು. ಲೆಕ್ಸಿಂಗ್ಟನ್‌ನ ಬೆಳಕಿಗೆ ಹುಬ್ಬು ಗಂಟಿಕ್ಕುವ ನಾನು, ಬಲಿಪೀಠದ ಮುಂದೆ ಕುಸ್ತಿಯ ಮುಖವಾಡವನ್ನು ಒಪ್ಪಬಾರದು. ಒಪ್ಪುತ್ತೇನೆ. ಯಾಕೆಂದು ಯಾರಾದರೂ ಕೇಳಿದರೆ ಮಕ್ಕಳ ಊಟದ ಲೆಕ್ಕ ಹೇಳಿ ತಪ್ಪಿಸಿಕೊಳ್ಳಬಹುದು. ಅದೊಂದೇ ಕಾರಣವೆಂದು ಮಾತ್ರ ಅನಿಸುವುದಿಲ್ಲ.