ಲೋಕ ಬದಲಾದರೆ ಋಣ ತೀರೀತೆ?

ಪಾತ್ರ ವಹಿಸಿ ಆಡುವ ಆಟಗಳೆಂದು ಒಂದು ಜಾತಿಯುಂಟು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರದ ಬಾಯಿಂದ ಮಾತನಾಡುತ್ತ, ದಾಳ ಉರುಳಿಸುತ್ತ ಕಥೆ ಕಟ್ಟುವುದು ಅವುಗಳ ಕ್ರಮ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ರಚಿಸಿ 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಈ ಕುಲಕ್ಕೆ ಹಿರಿಯಣ್ಣ. ತಾಳಮದ್ದಲೆ ಕೇಳಿ ಬಲ್ಲವರಿಗೆ ಇದು ತೀರ ಹೊಸದೆನಿಸದು. ಅಲ್ಲಿಯೂ ಅರ್ಥಧಾರಿ ವೇಷವಿಲ್ಲದೆ ಕುಳಿತು, ಆಗಿಂದಾಗ ಹುಟ್ಟುವ ಮಾತಿನಿಂದಲೇ ಕರ್ಣನಾಗುತ್ತಾನೆ.

ಬಹುಕಾಲ ಆಡಿ ಒಲಿಸಿಕೊಂಡ ಪಾತ್ರವನ್ನು ಬಿಡಲು ಮನಸ್ಸು ಬಾರದೆ ಅದನ್ನು ಇನ್ನೊಂದು ಆಟಕ್ಕೆ, ಇನ್ನೊಂದು ಲೋಕಕ್ಕೆ ಕರೆದೊಯ್ಯುವವರುಂಟು. ಆಟ ನಡೆಸುವವನಿಗಾಗಿ ಗೈಗ್ಯಾಕ್ಸ್ 1979ರಲ್ಲಿ ಬರೆದ ಕೈಪಿಡಿಯಲ್ಲಿಯೇ, ಮಂತ್ರಲೋಕದ ವೀರನನ್ನು ಬಂದೂಕುಗಾರರ ಸೀಮೆಗೂ ಪ್ರಳಯಾನಂತರದ ವಿಕೃತ ಜಗತ್ತಿಗೂ ಹೊಂದಿಸುವ ಲೆಕ್ಕಾಚಾರವಿದೆ. ಬಲವನ್ನು ಹೀಗೆ ಪರಿವರ್ತಿಸಬಹುದು, ಸರಿ. ಆದರೆ ಅಲ್ಲಿ ಹೋಗಿ ನಿಂತವನು ಹಳೆಯವನೇ ಏನು?

ಹದಿನೇಳನೆಯ ಶತಮಾನದ ಜಾನ್ ಲಾಕ್ ವ್ಯಕ್ತಿಯ ಐಕ್ಯವನ್ನು ದೇಹದಲ್ಲಿ ಹುಡುಕದೆ ಸ್ಮೃತಿಯಲ್ಲಿ ಹುಡುಕಿದ. ಹೊಣೆಯನ್ನೂ ಅದಕ್ಕೇ ಗಂಟು ಹಾಕಿದ. ಅವನಿಗಿಂತ ಎಷ್ಟೋ ಮೊದಲೇ ನಮ್ಮ ಪುರಾಣಿಕರು ಈ ಪ್ರಶ್ನೆಯನ್ನು ಕಥೆಯಾಗಿಸಿದ್ದರು. ವನಪರ್ವದಲ್ಲಿ ಭೀಮನಿಗೆ ಎದುರಾಗುವ ಹನುಮಂತ ರಾಮಾಯಣದಿಂದ ಬಂದವನಲ್ಲವೆ? ಕಡಲು ಹಾರಿದ ರೂಪವನ್ನು ತೋರೆಂದರೆ ಅವನು ಮೊದಲು ಒಪ್ಪುವುದಿಲ್ಲ: ಆ ಕಾಲ ಬೇರೆ, ಈ ಕಾಲ ಬೇರೆ, ಯುಗಕ್ಕೆ ತಕ್ಕಂತೆ ತಾನೂ ನಡೆಯಬೇಕು. ಬಲಕ್ಕೆ ಹೊಸ ಲೋಕದ ಅಳತೆ ಹಾಕಿಕೊಂಡ ಅವನು ರಾಮನ ನೆನಪನ್ನು ಮಾತ್ರ ಕುಗ್ಗಿಸಿಕೊಳ್ಳಲಿಲ್ಲ. ಸ್ಯಮಂತಕದ ಕಥೆಯ ಜಾಂಬವಂತನೂ ಹಾಗೆಯೇ. ಕೃಷ್ಣನೊಡನೆ ಬಹುದಿನ ಕಾದಾಡಿ, ಕೊನೆಗೆ ಹಳೆಯ ಒಡೆಯನ ಗುರುತು ಹಿಡಿದು, ಮಣಿಯನ್ನೂ ಮಗಳನ್ನೂ ಒಪ್ಪಿಸುತ್ತಾನೆ. ಯುಗ ಕಳೆದರೂ ಋಣ ಕಳೆಯಲಿಲ್ಲ.

ಇಲ್ಲಿ ಒಂದು ನೀತಿಯಿದೆಯೆಂದು ನನಗೆ ತೋರುತ್ತದೆ. ಬಲವನ್ನು ಹೋದ ಲೋಕ ಅಳೆಯಲಿ; ಋಣವನ್ನು ಮಾತ್ರ ನಾವೇ ಹೊತ್ತು ಹೋಗಬೇಕು. ಖಡ್ಗವನ್ನು ತಂದು, ಖಡ್ಗಕ್ಕಾಗಿ ವಂಚಿಸಿದ ಗೆಳೆಯನನ್ನು ಮರೆತು ಬಂದರೆ, ಬಂದದ್ದು ಹೆಸರು ಮಾತ್ರ. ಯಾವ ಲೋಕಕ್ಕೂ ಒಗ್ಗುವಂತೆ 1986ರಲ್ಲಿ ಸ್ಟೀವ್ ಜ್ಯಾಕ್ಸನ್ ರಚಿಸಿದ ‘ಗರ್ಪ್ಸ್’ ಪದ್ಧತಿಯಲ್ಲಿ ಪ್ರತಿಜ್ಞೆ, ಹಗೆ, ಕರ್ತವ್ಯಭಾವ ಇವೂ ಬಲಾಬಲಗಳ ಹಾಳೆಯ ಮೇಲೆಯೇ ದಾಖಲಾಗುತ್ತವೆ. ಅದು ವಿವೇಕದ ಏರ್ಪಾಡು.

ಹಾಗಾದರೆ ಹೊಸದಾಗಿ ಬಾಳತೊಡಗುವ ಹಕ್ಕು ಯಾರಿಗೂ ಇಲ್ಲವೆ ಎಂದು ಕೇಳಬಹುದು. ಖಂಡಿತ ಇದೆ. ಆದರೆ ಕ್ಷಮೆಯನ್ನು ಕೊಡಬೇಕಾದವರು ನೊಂದವರು. ಅವರು ಹಳೆಯ ಮೇಜಿನ ಬಳಿಯೇ ಉಳಿದಿರುತ್ತಾರೆ. ಅವರಿಂದ ದೂರ ಹೋದ ಮಾತ್ರಕ್ಕೆ ಕ್ಷಮೆ ದೊರೆತಂತಾಗದು.

ಆಟದ ಮಾತಿಗೆ ಇಷ್ಟು ಭಾರವೇಕೆ ಎನ್ನಬೇಡಿ. ವರ್ಗವಾಗಿ ಊರಿಂದೂರಿಗೆ ಹೋಗುವ ನಾವೆಲ್ಲ ಪ್ರಮಾಣಪತ್ರಗಳ ಕಟ್ಟನ್ನು ಜೋಪಾನವಾಗಿ ಒಯ್ಯುತ್ತೇವೆ. ಬಿಟ್ಟ ಊರಿನಲ್ಲಿ ಕೊಟ್ಟ ಮಾತುಗಳನ್ನು ಯಾವ ಪೆಟ್ಟಿಗೆಯಲ್ಲಿಟ್ಟಿದ್ದೇವೆ?