ಟೆಸ್ಟಿಗೊಂದು ಮುಹೂರ್ತ

ಬೆಂಗಳೂರಿನ ಮಾರ್ಚ್ ತಿಂಗಳು ಗೊತ್ತಲ್ಲ. ಕಾರಿನ ಬಾಗಿಲು ಮುಟ್ಟಿದರೆ ಚಟ್, ಆಫೀಸಿನ ಕುರ್ಚಿಯಿಂದ ಎದ್ದು ಯಾರದೋ ಕೈ ಕುಲುಕಿದರೆ ಚಟ್. ಒಣಗಾಳಿಯಲ್ಲಿ ಮೈಮೇಲೆ ಕೂತ ಸ್ಟ್ಯಾಟಿಕ್ ವಿದ್ಯುತ್ತು ಮೆಲ್ಲಗೆ ಹರಿದುಹೋಗಲು ದಾರಿ ಸಿಗದೆ ಒಮ್ಮೆಲೇ ಹಾರುತ್ತೆ. ನಮಗದು ಬರೀ ಚುರುಕ್. ಎಲೆಕ್ಟ್ರಾನಿಕ್ ಸಾಧನಕ್ಕೆ ಕೆಲವೊಮ್ಮೆ ಪ್ರಾಣಸಂಕಟ.

ಆ ‘ಚಟ್’ ಅನ್ನು ಬೇಕಂತಲೇ ಹೊಡೆದು ನೋಡೋದು ನನ್ನ ಕೆಲಸದ ಒಂದು ಭಾಗ. ಇದಕ್ಕೆ ಐಇಸಿ 61000-4-2 ಅಂತ ಮಾನದಂಡ ಇದೆ. ಗಾಳಿಯ ಮೂಲಕ ಕಿಡಿ ಹಾರಿಸುವ ಪರೀಕ್ಷೆಯಲ್ಲಿ ಕೋಣೆಯ ತೇವಾಂಶ ಶೇ. 30ರಿಂದ 60, ಉಷ್ಣಾಂಶ 15ರಿಂದ 35 ಡಿಗ್ರಿ ಇರಬೇಕು ಅನ್ನುತ್ತೆ ಅದು. ಎಲ್ಲ ಲ್ಯಾಬ್‌ಗಳ ಫಲಿತಾಂಶವನ್ನೂ ಹೋಲಿಸಿ ನೋಡುವ ಹಾಗಿರಲಿ ಅಂತ ಈ ಬೇಲಿ.

ಕೆಲವು ವರ್ಷಗಳ ಹಿಂದೆ ಒಂದು ಸಿರಿಂಜ್ ಪಂಪ್ ಟೆಸ್ಟ್ ಮಾಡ್ತಿದ್ವಿ. ರೋಗಿಯ ನರಕ್ಕೆ ಹನಿಹನಿಯಾಗಿ ಔಷಧಿ ಕೊಡುವ ಯಂತ್ರ. ಮಧ್ಯಾಹ್ನ ಮೂರು ಗಂಟೆ, ತೇವಾಂಶ ಶೇ. 32. ಕೀಪ್ಯಾಡ್ ಅಂಚಿಗೆ 15 ಕಿಲೋವೋಲ್ಟ್ ಹೊಡೆದದ್ದೇ ತಡ, ಪಂಪ್ ರೀಸ್ಟಾರ್ಟ್ ಆಯ್ತು. ಆ ರಾತ್ರಿ ಮಳೆ ಬಂತು. ಮರುದಿನ ಬೆಳಿಗ್ಗೆ ಶೇ. 56. ಅದೇ ಪಂಪ್, ಅದೇ ಗನ್. ಪಾಸ್!

ಇದರಲ್ಲಿ ಮಾಯೆ ಏನಿಲ್ಲ. ಒಣಗಾಳಿಯಲ್ಲಿ ಕಿಡಿ ಹಾರೋಕೆ ತುಸು ತಡ ಆಗುತ್ತೆ. ಅಷ್ಟರಲ್ಲಿ ಗನ್ನಿನ ತುದಿ ಇನ್ನಷ್ಟು ಹತ್ತಿರ ಬಂದಿರುತ್ತೆ. ಕಿಡಿ ಗಿಡ್ಡವಾದಷ್ಟೂ ಕರೆಂಟ್ ಬೇಗ ಏರುತ್ತೆ, ಏಟು ಜೋರಾಗುತ್ತೆ.

“ಎರಡೂ ರೇಂಜ್ ಒಳಗೇ ಇದೆಯಲ್ಲ ಮಾರಾಯ, ಬೆಳಗಿನ ರಿಪೋರ್ಟ್ ಕಳಿಸು” ಅಂದರು ನಮ್ಮ ಮ್ಯಾನೇಜರ್. ಅವರ ಮಾತಲ್ಲಿ ಸುಳ್ಳಿರಲಿಲ್ಲ. ಎಲ್ಲೋ ಒಂದು ಕಡೆ ಗೆರೆ ಎಳೆಯದೆ ಹೋದರೆ ಯಾವ ಸಾಧನವೂ ಲ್ಯಾಬ್ ಬಿಟ್ಟು ಹೊರಬರಲ್ಲ. ಬೆಳಗಿನ ರಿಪೋರ್ಟ್‌ನ ಒಂದೊಂದು ಅಂಕಿಯೂ ನಿಜ.

ಆದರೂ ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗಿತ್ತು. ನಿಯಮ ತೇವಾಂಶಕ್ಕೆ ಮಿತಿ ಹಾಕಿದ್ದು ನಮಗೆ ಅನುಕೂಲದ ಗಳಿಗೆ ಆರಿಸಿಕೊಳ್ಳಲಿ ಅಂತ ಅಲ್ಲ. ಮದುವೆಗೆ ಮುಹೂರ್ತ ನೋಡಬಹುದು, ಟೆಸ್ಟಿಗೆ ನೋಡಿದರೆ ನಾವು ಪರೀಕ್ಷಿಸಿದ್ದು ಯಂತ್ರವನ್ನಲ್ಲ, ಹವೆಯನ್ನು. ಕಲಬುರಗಿಯ ಏಪ್ರಿಲ್‌ನಲ್ಲಿ ನರ್ಸ್ ಒಬ್ಬರು ಆ ಕೀಪ್ಯಾಡ್ ಮುಟ್ಟುವಾಗ ಹಿಂದಿನ ರಾತ್ರಿ ಮಳೆ ಬಂದಿರುತ್ತಾ? ಮುಚ್ಚಿಟ್ಟ ಮಧ್ಯಾಹ್ನವೊಂದು ಇದ್ದರೆ, ನಿಜವಾದ ಅಂಕಿಗಳಿಂದಲೂ ಸುಳ್ಳು ಹೇಳಬಹುದು.

ಎರಡೂ ದಿನದ ಫಲಿತಾಂಶ ಸೇರಿಸದೆ ಸಹಿ ಹಾಕಲ್ಲ ಅಂದೆ. ಜಗಳವಾಯ್ತು. ಕೊನೆಗೆ ಪಂಪ್ ಬಿಚ್ಚಿ, ಕೀಪ್ಯಾಡ್ ಲೈನಿಗೆ ಕೆಲವೇ ರೂಪಾಯಿಯ ರಕ್ಷಣಾ ಡಯೋಡ್ ಹಾಕಿ, ಒಣ ಮಧ್ಯಾಹ್ನಕ್ಕೇ ಕಾದು ಮತ್ತೆ ಹೊಡೆದ್ವಿ. ತಡೆದುಕೊಂಡಿತು. ಮೂರು ವಾರ ತಡ ಆಯ್ತು, ಮ್ಯಾನೇಜರ್ ಮಾತು ಬಿಟ್ಟರು.

ನಾನೇನು ಸತ್ಯಹರಿಶ್ಚಂದ್ರ ಅಂತ ಹೇಳಿಕೊಳ್ಳೋಕೆ ಇದನ್ನು ಬರೀತಿಲ್ಲ. ಅದಕ್ಕೂ ಮುಂಚೆ ಎಷ್ಟೋ ಸೆಟ್‌ಟಾಪ್ ಬಾಕ್ಸ್‌ಗಳನ್ನು ತಂಪು ಬೆಳಗ್ಗೆಯೇ ಪಾಸ್ ಮಾಡಿಸಿದ್ದೆ. ಟಿವಿ ಒಂದು ನಿಮಿಷ ನಿಂತರೆ ಯಾರು ಸಾಯ್ತಾರೆ ಅಂತ. ಅಪಾಯ ಸಣ್ಣದಿದ್ದಾಗ ನಡೆಯುತ್ತೆ ಅಂದುಕೊಂಡಿದ್ದೇ ಅಭ್ಯಾಸವಾಗಿ, ಸಿರಿಂಜ್ ಪಂಪ್ ಎದುರಿಗಿದ್ದಾಗಲೂ ಬೆಳಗಿನ ಫೈಲಿನ ಮೇಲೆ ನನ್ನ ಪೆನ್ನು ಒಂದು ಕ್ಷಣ ಇಳಿದಿತ್ತು. ಆ ಕ್ಷಣ ಈಗಲೂ ನೆನಪಿದೆ.